ನಲ್ಲಿಕಟ್ಟೆಯ ಟ್ರೈಲರ್

ಎಂಬತ್ತರ ದಶಕದಲ್ಲಿ ನಾನು ಯಶವಂತಪುರದ ಮನೆಯಿಂದ ಹೆಸರಘಟ್ಟದ ಕಡೆಗೆ ಸಿನಿಮಾ ಕಲಿಯಲು ಹೋಗುತ್ತಿದ್ದೆ. "ನಿನ್ನ ಟ್ರೈಲರನ್ನ ಮೊದಲು ಸಾಮಾನ್ಯ ಜನಕ್ಕೆ ತೋರಿಸು. ಅವರೇನಂತಾರೆ ಕೇಳ್ಕೊಂಡು ಬಾ" ಎಂದರು ಮೇಷ್ಟ್ರು. ಸಾಮಾನ್ಯ ಜನಕ್ಕೆ ನಮ್ಮ ಬೀದಿಯಲ್ಲಿ ಬರವೇ? ಬರವಿದ್ದದ್ದು ನೀರಿಗೆ ಮಾತ್ರ.

ನನ್ನ ಚಿತ್ರದ ವಿಷಯವೂ ಅದೇ. ಮಹಡಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಬೀದಿ ನಲ್ಲಿಯ ಮುಂದಿನ ಕೊಡಗಳ ಸಾಲನ್ನು ಟೈಮ್‌ಲ್ಯಾಪ್ಸ್ ವಿಧಾನದಲ್ಲಿ ಹಿಡಿದಿದ್ದೆ. ಅಂದರೆ, ಬಿಟ್ಟು ಬಿಟ್ಟು ಒಂದೊಂದೇ ಫ್ರೇಮ್ ತೆಗೆಯುವುದು. ಓಡಿಸಿದಾಗ ಇಡೀ ಬೆಳಗು ಅರೆಗಳಿಗೆಯಲ್ಲಿ ಮುಗಿದು, ಕೊಡಗಳು ತಾವೇ ಕುಪ್ಪಳಿಸುತ್ತ ನಲ್ಲಿಯತ್ತ ಹೋದಂತೆ ಕಾಣುತ್ತದೆ. ಜಗತ್ತು ಬೆರಗಾಗುವುದರಲ್ಲಿ ನನಗೆ ಸಂಶಯವಿರಲಿಲ್ಲ.

ಭಾನುವಾರ ಸಂಜೆ ಕಿಟಕಿ ಮುಚ್ಚಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಎರವಲು ತಂದ ಪ್ರೊಜೆಕ್ಟರ್ ಹೂಡಿದೆ. ಬೀದಿಯ ಹೆಂಗಸರೆಲ್ಲ ಬಂದರು. ಧಾರವಾಡದ ಕಡೆಯಿಂದ ಬಂದು ನೆಲೆಸಿದ್ದ ಪಕ್ಕದ ಮನೆಯ ಗಂಗಕ್ಕ ಎಲ್ಲರಿಗಿಂತ ಮುಂದೆ ಕೂತರು. ಎದುರುಮನೆಯ ರಾಮಯ್ಯನವರಿಗೆ ಕುರ್ಚಿ. ಅಮ್ಮ ಎಲ್ಲರಿಗೂ ಚಕ್ಕುಲಿ ಹಂಚಿದಳು. ಮಗನ ಮೊದಲ ಚಿತ್ರ!

ಟ್ರೈಲರ್ ಮುಗಿಯಿತು.

"ಭಾವ ಬಂತಾ?" ಎಂದು ಕೇಳಿದೆ.

"ಯಾವ ಭಾವನಪ್ಪಾ? ನಿಂಗೆ ಅಕ್ಕಾನೇ ಇಲ್ವಲ್ಲ!" ಎಂದರು ರಾಮಯ್ಯ.

"ಅದಲ್ಲ ಸಾರ್, ನೋಡಿದ್ಮೇಲೆ ಮನಸ್ಸಿಗೆ ಏನನ್ನಿಸ್ತು?"

ಗಂಗಕ್ಕ ಕೈಯೆತ್ತಿದರು. "ತಮ್ಮಾ, ಇನ್ನೊಮ್ಮೆ ತೋರ್ಸು ನೋಡೋಣ."

ಮೊದಲ ದಿನವೇ ಮರುಪ್ರದರ್ಶನ! ಮತ್ತೆ ಓಡಿಸಿದೆ. ಗಂಗಕ್ಕ ಎದ್ದು ಪಂಚೆಯ ಹತ್ತಿರವೇ ಹೋಗಿ ನಿಂತರು.

"ಆ ಹಳದಿ ಕೊಡ ನೋಡ್ರಿ. ಉಳಿದ ಕೊಡ ಎಲ್ಲಾ ಒಂದೊಂದ ಹೆಜ್ಜಿ ಹೋಗ್ತಾವ. ಇದೊಂದ ಎಲ್ಲಾರನ್ನೂ ಹಾರಿ ಮುಂದ ಹೋತು!"

ಪ್ರೇಕ್ಷಕರ ಈ ಸೂಕ್ಷ್ಮದೃಷ್ಟಿಗೆ ನನ್ನ ಎದೆ ಉಬ್ಬಿತು. "ತಾಳಿ ಗಂಗಕ್ಕ, ಅಲ್ಲೇ ನಿಲ್ಲಿಸಿ ತೋರಿಸ್ತೀನಿ" ಎಂದೆ.

"ಸಾಕು ಬಿಡೋ, ಎಲ್ರಿಗೂ ಕಾಫಿ ಮಾಡ್ತೀನಿ" ಎಂದಳು ಅಮ್ಮ ಹಿಂದಿನಿಂದ.

ಕಲೆಯ ಮಧ್ಯೆ ಕಾಫಿಯೇ? ನಿಲ್ಲಿಸಿಯೇಬಿಟ್ಟೆ.

ಪಂಚೆಯ ಮೇಲೆ ಹಳದಿ ಕೊಡ. ಕೊಡ ಹಿಡಿದ ಕೈ. ಕೈಯ ಹಿಂದೆ ದಪ್ಪ ಅಂಚಿನ ಹಸಿರು ಸೀರೆ. ಎಲ್ಲರೂ ಪಂಚೆಯನ್ನು ನೋಡಿದರು. ಆಮೇಲೆ ಅಮ್ಮನನ್ನು ನೋಡಿದರು. ಅಮ್ಮ ಅಂದೂ ಅದೇ ಸೀರೆ ಉಟ್ಟಿದ್ದಳು!

ಅಷ್ಟರಲ್ಲಿ ನಿಂತ ಫಿಲಂಗೆ ದೀಪದ ಕಾವು ತಗುಲಿ, ನಲ್ಲಿಯಿದ್ದ ಜಾಗದಲ್ಲಿ ಕಂದು ತೂತು ಅರಳಿ, ನೋಡನೋಡುತ್ತಲೇ ಇಡೀ ಬೀದಿ ಸುಟ್ಟುಹೋಯಿತು. ಸಾಕ್ಷ್ಯ ನಾಶವಾಯಿತು, ನಿಜ. ಸಾಕ್ಷಿಗಳೆಲ್ಲ ಚಕ್ಕುಲಿ ಹಿಡಿದು ಅಲ್ಲೇ ಕೂತಿದ್ದರು.

ಅಮ್ಮನ ಕಣ್ಣು ತುಂಬಿತು. "ಏನ್ಮಾಡ್ಲಿ ಗಂಗಕ್ಕ, ಇವ್ನು ಬೇಗ ಬಸ್ಸಿಗೆ ಹೋಗ್ಬೇಕು. ಬಿಸಿನೀರಿನ ಸ್ನಾನ ಆಗ್ದೆ ಮನೆ ಬಿಡಲ್ಲ. ಈ ಮಂಡಿ ನೋವಲ್ಲಿ ಅಷ್ಟ್ ಹೊತ್ತು ನಿಲ್ಲಕ್ಕೆ ನನ್ ಕೈಲಾಗಲ್ಲ."

ಗಂಗಕ್ಕ ಬಂದು ಅಮ್ಮನ ಕೈ ಹಿಡಿದರು. "ಮೊದಲ ಹೇಳಬಾರದೇನ್ರಿ? ನಾವ ತುಂಬಿಸಿ ಕೊಡ್ತಿದ್ವಿ." ಆಮೇಲೆ ನನ್ನತ್ತ ತಿರುಗಿದರು. "ಇಷ್ಟ ದೊಡ್ಡ ಮಗ ಮಾಳಗಿ ಮ್ಯಾಲ ನಿಂತು ಫೋಟೋ ಹೊಡೀತಿದ್ದಿ. ಕೆಳಗಿಳದು ಒಂದ್ ಕೊಡ ಹಿಡಿಯಾಕ ಬರ್ತಿರ್ಲಿಲ್ಲೇನು?"

ಪ್ರೇಕ್ಷಕರ ಅಭಿಪ್ರಾಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಮರುದಿನದಿಂದ ಸಾಲಿನಲ್ಲಿ ನಾನು. ನನ್ನ ಸರದಿ ಬಂದೊಡನೆ ನಲ್ಲಿ ಸುಯ್ಯೆಂದು ಗಾಳಿ ಬಿಟ್ಟು ನಿಂತಿತು. "ಇವತ್ತ ಜಳಕ ಇಲ್ದ ಹೋಗಪಾ, ಡೈರೆಕ್ಟರಿಗೆ ಎಲ್ಲಾ ನಡೀತೈತಿ" ಎಂದರು ಗಂಗಕ್ಕ. ಆ ವಾರವೆಲ್ಲ ನಲ್ಲಿ ಹಾಗೇ ಸತಾಯಿಸಿತು, ನನಗೆ ಸ್ನಾನವೂ ಇಲ್ಲ. ವಾರದ ಕೊನೆಗೆ, ಕಾಲಿಡಲೂ ಜಾಗವಿಲ್ಲದ ಬಸ್ಸಿನಲ್ಲಿ, ನನ್ನ ಪಕ್ಕದ ಸೀಟು ಮಾತ್ರ ಕೊನೆಯವರೆಗೂ ಖಾಲಿ!