ಬಚ್ಚಲಿಗೆ ಬಂದ ಕೆರೆ

ದುರ್ಗದಲ್ಲಿ ಬಾಡಿಗೆಗೆ ಇರುವುದಾದರೆ ಕೆರೆಯ ದಂಡೆಯಲ್ಲೇ ಇರಬೇಕು ಎಂದು ಮರುಳಸಿದ್ದಪ್ಪ ಹೊಳಲ್ಕೆರೆಯಲ್ಲಿ ಗಾಡಿ ಹತ್ತುವ ಮೊದಲೇ ತೀರ್ಮಾನಿಸಿದ್ದ. ಹತ್ತಿ ಮಂಡಿಯ ಗುಮಾಸ್ತನಾದರೇನು, ಸಂಜೆ ಜಗಲಿಯಲ್ಲಿ ಕುಳಿತರೆ ಮಹಾರಾಜರಿಗೂ ಸಿಗದ ತಂಗಾಳಿ ಬೀಸಬೇಕು! ಹೆಂಡತಿ ಶಿವಗಂಗಮ್ಮ ಮನೆ ನೋಡಿದವಳೇ ಗಾಳಿಯ ಮಾತೆತ್ತದೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದಳು. ಕೆರೆಗೆ ಎಂದ. ಕೆರೆ ತುಂಬಿದರೆ ಎಂದಳು. ಈ ಸೀಮೆಯಲ್ಲಿ ಕೆರೆ ತುಂಬಿದ್ದನ್ನು ಕಂಡವರು ಯಾರು ಎಂದು ಅವನು ನಕ್ಕುಬಿಟ್ಟ.

ಮನೆಯೊಡತಿ ಬಸಮ್ಮನವರು ಗೋಡೆಯಾಚೆಯ ಅರ್ಧದಲ್ಲೇ ಇದ್ದರು. ಹಣೆಯ ವಿಭೂತಿ ಮಾಸಿದ್ದನ್ನು ಯಾರೂ ಕಂಡಿರದ ಮಡಿವಂತ ಮುದುಕಿ. ಅವರ ಕರಾರು ಒಂದೇ: ಈ ಹೊಸಿಲೊಳಗೆ ಮೀನು ಮಾಂಸ ಬಂದ ದಿನ ಗಂಟುಮೂಟೆ ಬೀದಿಗೆ.

"ನಮ್ಮಂಥೋರಿಗೆ ಈ ಮಾತಾ, ಅಮ್ಮಾರೆ?" ಎಂದು ಮರುಳಸಿದ್ದಪ್ಪ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿ ತೋರಿಸಿದ್ದ.

ಆ ವರ್ಷ ಮಳೆ ಬಂತು. ಬೆಟ್ಟದ ನೀರೆಲ್ಲ ಇಳಿದು ಕೆರೆ ಸೇರಿತು. ಸೇರಿದ್ದು ಸಾಲದೆಂದು ಮೋರಿಯ ದಾರಿಯಲ್ಲಿ ಹಿಂದಕ್ಕೆ ಹೊರಟು ಮರುಳಸಿದ್ದಪ್ಪನ ಮನೆಗೂ ದಯಮಾಡಿಸಿತು. ಬೆಳಿಗ್ಗೆ ಸ್ನಾನಕ್ಕೆಂದು ತಗ್ಗಿನ ಬಚ್ಚಲಿಗೆ ಇಳಿದವನು ಮೊಣಕಾಲುದ್ದದ ನೀರಿನಲ್ಲಿ ನಿಂತ. ಏನೋ ನುಣ್ಣಗೆ ಕಾಲು ಸವರಿಕೊಂಡು ಹೋಯಿತು. ಬಗ್ಗಿ ನೋಡಿದರೆ ತೋಳುದ್ದದ ಮೀನು!

ಅದೇ ಹೊತ್ತಿಗೆ ನಡುಮನೆಯಲ್ಲಿ ಬಸಮ್ಮನವರ ದನಿ. ಮಠದ ಅಯ್ಯನವರು ಬಂದಿದ್ದಾರೆ, ಬಾವಿ ನೀರು ಬಗ್ಗಡವಾಗಿದೆ, ನಿಮ್ಮ ಹಂಡೆಯಿಂದ ಪೂಜೆಗೆ ಒಂದು ಬಿಂದಿಗೆ ನೀರು ಬೇಕು ಎಂದು ಶಿವಗಂಗಮ್ಮನಿಗೆ ಹೇಳುತ್ತಿದ್ದರು. ಮರುಳಸಿದ್ದಪ್ಪನಿಗೆ ತನ್ನ ಹಾಸಿಗೆ, ಪಾತ್ರೆ, ಹೆಂಡತಿ ಎಲ್ಲವೂ ಬೀದಿಯಲ್ಲಿ ನಿಂತಂತೆ ಕಂಡಿತು. ಹುಟ್ಟಿದಂದಿನಿಂದ ಮೀನು ಮುಟ್ಟದ ಕೈ ಮಲ್ಲಯುದ್ಧಕ್ಕಿಳಿಯಿತು. ಹಿಡಿದ, ಜಾರಿತು. ಮತ್ತೆ ಹಿಡಿದ, ಬಾಲ ಅವನ ಕೆನ್ನೆಗೆ ಬಾರಿಸಿತು. ಕೊನೆಗೆ ಇನ್ನೂ ಉರಿ ಹಾಕದ ಒಲೆಯ ಕಟ್ಟೆಯ ಮೇಲಿದ್ದ ಹಂಡೆಗೇ ಅದನ್ನು ತುರುಕಿ, ಮುಚ್ಚಳ ಹಾಕಿ, ಮುಚ್ಚಳದ ಮೇಲೆ ತಾನೇ ವಿರಾಜಮಾನನಾದ.

"ಸ್ನಾನ ಮಾಡ್ತಾ ಇದೀನಿ, ಒಳಗೆ ಬರಬ್ಯಾಡ್ರಿ!"

ಆಗಲಿ, ಮುಗಿಯುವ ತನಕ ಕಾಯುತ್ತೇನೆ ಎಂದು ಬಸಮ್ಮನವರು ಕಂಬಕ್ಕೊರಗಿ ಕುಳಿತರು. ಮೀನು ಒಳಗಿನಿಂದ ಮುಚ್ಚಳ ಬಡಿಯತೊಡಗಿತು. ಅದೇನು ಸದ್ದು ಎಂದು ಅವರು ಕೇಳಿದ್ದಕ್ಕೆ, ಬೆನ್ನು ಉಜ್ಜಿಕೊಳ್ಳುತ್ತಿದ್ದೇನೆ ಎಂದ. ಸದ್ದು ತಮಟೆಯಷ್ಟಾಯಿತು.

"ಅವರದು ಸ್ವಲ್ಪ ಒರಟು ಬೆನ್ನು ಕಣ್ರಿ," ಎಂದು ಶಿವಗಂಗಮ್ಮ ಏನೂ ತಿಳಿಯದೆಯೇ ಗಂಡನ ಮಾನ ಕಾಯಲು ನೋಡಿದಳು.

ಕಾಯಲಾಗಲಿಲ್ಲ. ಹಂಡೆ ವಾಲಿತು, ಬಾಗಿಲಿನತ್ತ ಉರುಳಿತು, ಆ ಹೊಡೆತಕ್ಕೆ ಬಚ್ಚಲ ಬಾಗಿಲು ತೆರೆದುಕೊಂಡಿತು. ಮೊದಲು ನೀರು, ಹಿಂದೆ ಮೀನು, ಅದರ ಹಿಂದೆ ಒದ್ದೆ ಪಂಚೆಯ ಮರುಳಸಿದ್ದಪ್ಪ. ಮೀನು ಬಸಮ್ಮನವರ ಪಾದದ ಬಳಿ ಬಿದ್ದು ಒದ್ದಾಡಿತು. ಅದರ ಪಕ್ಕದಲ್ಲೇ ಮರುಳಸಿದ್ದಪ್ಪನೂ ಸಾಷ್ಟಾಂಗ ಬಿದ್ದು, ಇವತ್ತೇ ಮನೆ ಖಾಲಿ ಮಾಡುತ್ತೇನೆ ಎಂದು ತೊದಲಿದ.

ಬಸಮ್ಮನವರು ಗಾಬರಿಯಾಗಲಿಲ್ಲ. ಮೂಲೆಯಲ್ಲಿದ್ದ ಬುಟ್ಟಿಯನ್ನು ಕಾಲಿನಿಂದ ಅವನತ್ತ ತಳ್ಳಿದರು.

"ಕೆರೆ ತುಂಬಿದಾಗೆಲ್ಲ ಇವು ಬರ್ತವಪ್ಪ. ಬಾಡಿಗೆಗಿದ್ದೋರು ಬುಟ್ಟೀಲಿ ಹಿಡಿದು ವಾಪಸ್ ಬಿಟ್ಟು ಬರ್ತಾರೆ. ಪೂಜೆ ನೀರಿಗೆ ಹಾಕಿ ಸಾಕ್ಕೊಂಡೋನು ನೀನೇ ಮೊದಲು. ಏಳು, ಬಿಟ್ಟು ಬಾ."

ಮರುಳಸಿದ್ದಪ್ಪ ಮೀನನ್ನು ಬುಟ್ಟಿಗೆ ಹಾಕಿಕೊಂಡು, ತಲೆಯ ಮೇಲೆ ಹೊತ್ತು, ಬೀದಿಯ ಎಲ್ಲ ಜಗಲಿಗಳ ಮುಂದೆ ತಲೆತಗ್ಗಿಸಿ ನಡೆದ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಓಬವ್ವ ಎಂಬ ಮುದುಕಿ ಎದ್ದು ಬಂದು ಬುಟ್ಟಿಯೊಳಗೆ ಇಣುಕಿದಳು. ಮೀನು ಅವಳ ಮನಸ್ಸಿಗೆ ಬಂತು.

"ಒಳ್ಳೆ ಮಾಲೇ ತಂದೀಯ. ದಿನಾ ಇದೇ ಬೀದೀಲಿ ಬರ್ತೀಯೇನಪ್ಪ?"