ತೋಡಿಗೆ ಸಂಕ ಹಾಕಿದ ಪ್ರಸಂಗ

ತಲ್ಲೂರಿನ ಸಮೀಪದ ನಮ್ಮ ಕೇರಿಯಲ್ಲಿ ಕಳೆದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ, ತೆಂಗಿನ ಕಡ್ಡಿಯ ಹಿಡಿಸೂಡಿಯೊಂದು ತೋಡಿನ ಈಚೆ ದಡದಿಂದ ಆಚೆ ದಡಕ್ಕೆ ಹೋಗಿರುವುದು ಬೆಳಕಿಗೆ ಬಂತು. ಪ್ರಾಣಹಾನಿ ಆಗಲಿಲ್ಲ. ಪರಿಸ್ಥಿತಿ ಉದ್ವಿಗ್ನವಾಗಿದ್ದರೂ ಹತೋಟಿಯಲ್ಲಿತ್ತು. ಊರಿನಲ್ಲಿ ಶಾಂತಿ ನೆಲೆಸಲಿ ಎಂದು ಶ್ರಮದಾನಕ್ಕೆ ಹೊರಟವರಿಗೆ ಇಂಥದ್ದು ವಾರಕ್ಕೊಂದಾದರೂ ಎದುರಾಗುತ್ತದೆ.

ನಮ್ಮದು ಐದಾರು ಜನರ ಭಾನುವಾರದ ಬಳಗ. ನಾನು ಅದರ ಕಾರ್ಯದರ್ಶಿ. ಅಂದರೆ ಹಾರೆ, ಪಿಕಾಸಿ, ಬುಟ್ಟಿಗಳನ್ನು ಇಡುವುದು ನಮ್ಮ ಮನೆಯ ಜಗಲಿಯಲ್ಲಿ.

ತೋಡಿನ ಪಡು ದಿಕ್ಕಿನಲ್ಲಿ ಮೀನು ಮಾರುವ ಅಕ್ಕನ ಮನೆ. ಮೂಡು ದಿಕ್ಕಿನಲ್ಲಿ, ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಧಣಿಗಳ ಮನೆ. ಅದಕ್ಕೂ ಮೂರು ವರ್ಷದ ಹಿಂದೆ ಅಕ್ಕ ಅಂಗಳದಲ್ಲಿ ಒಣಗಲು ಹಾಕಿದ್ದ ಮೀನೊಂದನ್ನು ಕಾಗೆ ಎತ್ತಿಕೊಂಡು ಹೋಗಿ ಧಣಿಗಳ ಬಾವಿಗೆ ಬೀಳಿಸಿತು. ಮೀನು ಅಕ್ಕನದ್ದು, ಬಾವಿ ಧಣಿಗಳದ್ದು ಎಂಬುದರಲ್ಲಿ ತಕರಾರಿಲ್ಲ. ಕಾಗೆ ಯಾರದ್ದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅಂದಿನಿಂದ ಎರಡು ಮನೆಗೆ ಮಾತಿರಲಿಲ್ಲ.

ಆ ಬೇಸಿಗೆಯ ಹಿಂದಿನ ಮಳೆಗಾಲದಲ್ಲಿ, ತೋಡು ದಾಟಲು ಇದ್ದ ಕಾಲುಸಂಕ ಕೊಚ್ಚಿಹೋಯಿತು. ಹೊಸ ದಿಮ್ಮಿ ಹಾಕಲು ಇವರು ಅವರನ್ನು ಬಿಡಲಿಲ್ಲ, ಅವರು ಇವರನ್ನು ಬಿಡಲಿಲ್ಲ. ಅಕ್ಕನ ಕಡೆಯ ಏಳು ಮಕ್ಕಳು ಮೂಡು ಬದಿಯ ಶಾಲೆಗೆ ಹೈವೇ ಸುತ್ತಿ, ಲಾರಿಗಳ ಮಗ್ಗುಲಲ್ಲೇ ನಡೆದು ಹೋಗತೊಡಗಿದರು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದರೊಳಗೆ ಸಂಕ ಆಗಬೇಕು. ಬಳಗಕ್ಕಿದ್ದ ಹಠ ಇದೊಂದೇ.

೧. ಕಸದ ಪ್ರಯಾಣ

ಒಟ್ಟಿಗೆ ಕೆಲಸ ಮಾಡಿದರೆ ಮನಸ್ಸು ಒಂದಾಗುತ್ತದೆ ಎಂದು ಎಲ್ಲೋ ಓದಿದ್ದೆ. ಎರಡೂ ಮನೆಯವರನ್ನು ತೋಡು ಸ್ವಚ್ಛ ಮಾಡಲು ಕರೆದೆವು. ಬರುವುದಿಲ್ಲ ಎಂದುಕೊಂಡಿದ್ದೆವು. ಎದುರು ಮನೆಯವರಿಗೆ ಮಾತ್ರ ಒಳ್ಳೆಯ ಹೆಸರು ಬಂದೀತೆಂಬ ಹೆದರಿಕೆಯಿಂದ ಇಬ್ಬರೂ ಮನೆಮಂದಿ ಸಮೇತ ಬಂದರು.

ಗುಡಿಸುವ ಹುರುಪು ನೋಡಿ ನಮಗೆ ಕಣ್ಣು ತುಂಬಿತು. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು: ಅಕ್ಕನ ಕಡೆಯವರು ಕಸವನ್ನು ಬುಟ್ಟಿಯಲ್ಲಿ ತುಂಬಿ ಆಚೆ ದಡಕ್ಕೆ ಎಸೆಯುತ್ತಿದ್ದರು, ಧಣಿಗಳ ಕಡೆಯವರು ಅದನ್ನೇ ತುಂಬಿ ಈಚೆಗೆ ಎಸೆಯುತ್ತಿದ್ದರು. ಆ ಭರಾಟೆಯಲ್ಲೇ ಹಿಡಿಸೂಡಿಯೂ ಹೋದದ್ದು.

"ಹ್ವಾಯ್, ಎಂತ ಇದ್?" ಎಂದು ನಾನು ಕೂಗಿದೆ.

"ಸ್ವಚ್ಛ ಮಾಡೂದ್ ಮಾರಾಯ್ರೆ," ಎಂದರು ಎರಡೂ ದಡದವರು ಒಂದೇ ಸ್ವರದಲ್ಲಿ.

ಅದು ಅವರ ನಡುವೆ ಮೂಡಿದ ಮೊದಲ ಒಮ್ಮತ. ಮಧ್ಯಾಹ್ನದ ಹೊತ್ತಿಗೆ ಒಂದೇ ಕಸ ನಾಲ್ಕು ಸಲ ತೋಡು ದಾಟಿತ್ತು. ಸಂಕ ಇಲ್ಲದೆ ಅಷ್ಟು ಓಡಾಡಿದ್ದು ನಮ್ಮೂರಲ್ಲಿ ಅದೊಂದೇ.

೨. ಒಂದೇ ಗುಂಪು

ಮುಂದೆ ಶಾಲೆಯಲ್ಲಿ ರಕ್ತದಾನ ಶಿಬಿರ ಏರ್ಪಡಿಸಿದೆವು. ಅಕ್ಕನಿಗೂ ಧಣಿಗಳಿಗೂ ಅಕ್ಕಪಕ್ಕದ ಮಂಚ ಸಿಗುವಂತೆ ನಾನೇ ನೋಡಿಕೊಂಡೆ. ಕೈಗೆ ಸೂಜಿ ಚುಚ್ಚಿರುವಾಗ ಮನುಷ್ಯ ಎದ್ದು ಹೋಗಲಾರ ಎಂಬುದು ನನ್ನ ಲೆಕ್ಕಾಚಾರ.

ಎದ್ದು ಹೋಗಲಿಲ್ಲ, ನಿಜ. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಮಲಗಲು ನೋಡಿದರು. ಹಾಗೆ ಮಲಗಿದರೆ ಸೂಜಿ ಕಿತ್ತುಬರುತ್ತದೆ ಎಂದು ನರ್ಸಮ್ಮ ಗದರಿದ ಮೇಲೆ ಇಬ್ಬರೂ ಮಾಡಿನ ಹೆಂಚು ನೋಡುತ್ತಾ ಮಲಗಿದರು. ಮಾತು ಬಾರದಿದ್ದರೆ ಬೇಡ, ವಿಷಯ ಒಂದಾದರೂ ಇರಲಿ ಎಂದು ನಾನು ಹೇಳಿದೆ: "ನಿಮ್ಮಿಬ್ಬರದೂ ಒಂದೇ ಗುಂಪಿನ ರಕ್ತ!"

ಅಕ್ಕ ದಿಗ್ಗನೆ ತಲೆ ಎತ್ತಿದಳು. "ಹಾಂಗಾರೆ ನರ್ಸಮ್ಮ, ನನ್ ಬಾಟ್ಲಿ ಮೇಲೆ ಗುರ್ತ ಹಾಕಿ. ಅದ್ ಅವ್ರ ಮನೆಯವ್ರಿಗೆ ಹೋಪುಕಾಗ."

"ಬಿಲ್‌ಕುಲ್!" ಎಂದರು ಧಣಿಗಳು, ಮಾಡಿಗೆ. "ನಂದ್ ಸಹ ಅಷ್ಟೇ. ಬೇಕಾರೆ ಬೈಂದೂರಿಗೆ ಕಳ್ಸಿ, ಬ್ರಹ್ಮಾವರಕ್ಕೆ ಕಳ್ಸಿ. ತೋಡ್ ದಾಟುಕಾಗ."

ನರ್ಸಮ್ಮ ಇಬ್ಬರಿಗೂ ಬಿಸ್ಕತ್ತು ಕೊಟ್ಟು, ನನ್ನ ಕಡೆ ತಿರುಗಿ, "ಶಾಂತಿಗೆ ಕರೆಸಿದ್ದು ಅಂದ್ರಲ್ಲ, ಇವರನ್ನೇನಾ?" ಎಂದು ಕೇಳಿದರು.

೩. ವರದಿ

ನಮ್ಮ ಕೈಯಲ್ಲಿ ಆಗದು ಎಂದು ಮನವರಿಕೆಯಾಗಿ, ಸ್ವಯಂಸೇವಕರಿಗೆ ತರಬೇತಿ ಕೊಡುವ ಒಬ್ಬ ಮೇಷ್ಟ್ರನ್ನು ಬಯಲುಸೀಮೆಯಿಂದ ಕರೆಸಿದೆವು. ಬಹಳ ಒಳ್ಳೆಯ ಮನುಷ್ಯ. ಎರಡೂ ಮನೆಗೆ ಒಬ್ಬರೇ ಹೋಗಿ, ಎದುರಿಗೆ ಕೂತು, "ಸಂಕಕ್ಕೆ ನೀವು ಏನು ಕೊಡುತ್ತೀರಿ?" ಎಂದು ಕೇಳಿ, ಉತ್ತರವನ್ನು ಪುಸ್ತಕದಲ್ಲಿ ಬರೆದುಕೊಂಡು ಬಂದರು.

ಸಂಜೆ ಶಾಲೆಯ ಅಂಗಳದಲ್ಲಿ ಊರವರ ಸಭೆ. ಧಣಿಗಳು ಮುಂದಿನ ಸಾಲಿನ ಈ ತುದಿಯಲ್ಲಿ, ಅಕ್ಕ ಆ ತುದಿಯಲ್ಲಿ. ಮೇಷ್ಟ್ರು ಎದ್ದು ನಿಂತು ಗದ್ಗದಿತರಾಗಿ ಓದಿದರು: "ಎರಡೂ ಮನೆಯವರು ಸಂಕಕ್ಕೆ ಒಂದೊಂದು ಕಂಬ ಕೊಡಲು ಒಪ್ಪಿದ್ದಾರೆ."

ಹೆಡ್‌ಮಿಸ್ಸು ಚಪ್ಪಾಳೆ ಹೊಡೆದರು. ಊರೇ ಹೊಡೆಯಿತು. ನನಗೆ ನಂಬಿಕೆಯಾಗದೆ ಪುಸ್ತಕ ಇಸಿದುಕೊಂಡು ನೋಡಿದೆ. ಎರಡು ಹೆಸರಿನ ಎದುರೂ ಒಂದೇ ಶಬ್ದ: "ಕಂಬ."

ಅವರಿಬ್ಬರೂ ಹೇಳಿದ್ದು "ಕಾಂಬ". ನಮ್ಮ ಕಡೆ ಹಾಗೆಂದರೆ "ನೋಡೋಣ" ಎಂದು. ಕೆಲಸ ಮಾಡುವ ಮನಸ್ಸಿಲ್ಲದಾಗ ಕುಂದಾಪುರದವನು ಬಾಯಿಬಿಟ್ಟು ಇಲ್ಲ ಎನ್ನುವುದಿಲ್ಲ, ಕಾಂಬ ಎನ್ನುತ್ತಾನೆ.

ತಿದ್ದೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಧಣಿಗಳು ನನ್ನ ಅಂಗಿ ಜಗ್ಗಿದರು. "ಅವ್ರ್ ಕೊಡ್ತೆ ಅಂದ್ರಾ?"

"ವರದಿಯಲ್ಲಿ ಹಾಂಗೆ ಇತ್ತ್."

"ಹಾಂಗಾರೆ ನಂದ್ ಅವ್ರದ್ಕಿಂತ ದಪ್ಪ ಇರ್ಕ್."

ಆಚೆ ತುದಿಗೆ ಹೋದರೆ ಅಕ್ಕ, "ನಂದ್ ಉದ್ದ ಇರ್ಕ್," ಎಂದಳು. ನಾನು ಬಾಯಿ ಮುಚ್ಚಿಕೊಂಡೆ. ಬಳಗಕ್ಕೆ ನಾನು ಸಲ್ಲಿಸಿದ ಅತಿ ದೊಡ್ಡ ಸೇವೆ ಅದೇ.

೪. ಹೆಸರು

ಎರಡು ತೆಂಗಿನ ದಿಮ್ಮಿ ಬಂದವು. ಒಂದು ದಪ್ಪ, ಒಂದು ಉದ್ದ. ತೋಡಿನ ಮೇಲೆ ಒಂದರ ಪಕ್ಕ ಒಂದನ್ನು ಇಡಲು ಇಬ್ಬರೂ ಒಪ್ಪಿದರು. ಮುಟ್ಟುವಂತೆ ಇಡಲು ಒಪ್ಪಲಿಲ್ಲ. ನಡುವೆ ಒಂದು ಗೇಣು ಜಾಗ ಬಿಡಬೇಕಾಯಿತು.

ನಮ್ಮಲ್ಲಿ ಟ್ಯೂಬ್‌ಲೈಟು ದಾನ ಕೊಟ್ಟರೂ ಬೆಳಕು ಮಾಸುವಷ್ಟು ದೊಡ್ಡದಾಗಿ ಹೆಸರು ಬರೆಸುವ ಕ್ರಮ. ಎರಡೂ ದಿಮ್ಮಿಯ ಮೇಲ್ಮೈಯಲ್ಲಿ "ಕೊಡುಗೆ" ಎಂದು ಬರೆದು, ಕೆಂಪು ಬಣ್ಣದಲ್ಲಿ ದಾನಿಗಳ ಹೆಸರು ಏರಿತು.

ಬಿಡಿ ದಿಮ್ಮಿ ಉರುಳುತ್ತದೆ, ಎರಡನ್ನೂ ಸೇರಿಸಿ ಕಟ್ಟದೆ ಮಕ್ಕಳನ್ನು ಬಿಡುವುದಿಲ್ಲ ಎಂದರು ಹೆಡ್‌ಮಿಸ್ಸು. ಶಾಲೆ ತೆರೆಯಲು ನಾಲ್ಕೇ ದಿನವಿತ್ತು. ಕಟ್ಟಲು ಹಗ್ಗ ತಂದರೆ, "ನನ್ ಹೆಸ್ರ್ ಅವ್ರ ಹೆಸ್ರಿನ ಮಗ್ಗುಲಲ್ ಮನ್ಗುಕಾಗ," ಎಂದು ಇಬ್ಬರದೂ ಅಡ್ಡಿ.

ದೊಡ್ಡವರು ಮಾತ್ರ ದಾಟುತ್ತಿದ್ದರು. ಅಕ್ಕ ದಿನಾ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಪೂರ್ವಕ್ಕೆ. ಧಣಿಗಳು ಹಾಲಿನ ಕ್ಯಾನು ಹಿಡಿದು ಪಶ್ಚಿಮದ ಡೈರಿಗೆ. ಆದರೆ ಅಕ್ಕ ನಡೆಯುತ್ತಿದ್ದದ್ದು ಧಣಿಗಳ ದಿಮ್ಮಿಯ ಮೇಲೆ, ಅವರ ಹೆಸರಿನ ಒಂದಕ್ಷರವನ್ನೂ ಬಿಡದೆ ಮೆಟ್ಟುತ್ತಾ. ಧಣಿಗಳು ಅಕ್ಕನ ದಿಮ್ಮಿಯ ಮೇಲೆ, ಅಷ್ಟೇ ನಿಷ್ಠೆಯಿಂದ. ಎದುರಾಳಿಯ ಕೊಡುಗೆಯನ್ನು ಇಷ್ಟು ಶ್ರದ್ಧೆಯಿಂದ ಬಳಸಿದವರನ್ನು ನಾನು ಬೇರೆ ಕಂಡಿಲ್ಲ.

ಶನಿವಾರ ಇಬ್ಬರೂ ಒಂದೇ ಹೊತ್ತಿಗೆ ನಟ್ಟನಡುವೆ ಎದುರಾದರು. ಯಾರೂ ಹಿಂದೆ ಹೋಗಲಿಲ್ಲ. ಎರಡೂ ದಿಮ್ಮಿ ಒಮ್ಮೆಗೇ ಅಲುಗಿದವು. ಬೀಳುತ್ತಿದ್ದ ಬುಟ್ಟಿಯನ್ನು ಧಣಿಗಳು ಹಿಡಿದರು. ಜಾರುತ್ತಿದ್ದ ಕ್ಯಾನನ್ನು ಅಕ್ಕ ಹಿಡಿದಳು. ನಾವು ದಡದಲ್ಲೇ ನಿಂತು ನೋಡಿದೆವು.

"ಹಾಲ್ ಚೆಲ್ಬೇಡಿ ಮಾರಾಯ್ತಿ!"

"ನೀವ್ ಬುಟ್ಟಿ ಬಿಡ್ಬೇಡಿ ಮಾರಾಯ್ರೆ!"

"ಈಚೆ ಬನಿ, ಕೊಡ್ತೆ."

"ನಾ ಎಂತಕ್ ಬರ್ಕ್? ನೀವೇ ಬನಿ."

ಬುಟ್ಟಿ ಧಣಿಗಳ ಮೂಗಿನ ಕೆಳಗೇ ಇತ್ತು. ಅವರ ಸ್ವರ ಬದಲಾಯಿತು.

"ಬಂಗ್ಡಿಯಾ?"

"ಹೌದ್."

"ತಾಜಾ?"

"ನಿಮ್ ಹಾಲಿಗಿಂತ ತಾಜಾ."

"ಮೂರ್ ವರ್ಷ ಆಯ್ತ್ ಮಾರಾಯ್ತಿ, ಪ್ಯಾಟೆ ಮೀನ್ ತಿಂದ್ ತಿಂದ್ ನಾಲ್ಗಿ ಸತ್ತಿತ್," ಎಂದರು ಧಣಿಗಳು. "ಬನಿ, ನಮ್ ಅಂಗಳಕ್ಕೆ ಬನಿ. ಬುಟ್ಟಿ ಪೂರಾ ನಂಗೇ ಇರ್ಲಿ."

ಅಂಗಳದಲ್ಲಿ ಮೀನು ಆರಿಸುತ್ತಾ ಇಬ್ಬರೂ ಹೆಸರಿನ ವಿಷಯವನ್ನೂ ಮಾತಾಡಿಕೊಂಡರು. ಹೆಸರು ಮೇಲಿದ್ದರೆ ತಾನೇ ಮೆಟ್ಟುವುದು, ಕೆಳಗಿರಲಿ, ಆಗ ಯಾರದ್ದು ಯಾರ ಮಗ್ಗುಲಲ್ಲಿದೆ ಎಂದೂ ಕಾಣದು ಎಂದು ಅಕ್ಕ ಹೇಳಿದಳು. ಧಣಿಗಳು ಒಪ್ಪಿದರು.

ಭಾನುವಾರ ಎರಡೂ ದಿಮ್ಮಿಗಳನ್ನು ಮಗುಚಿ, ಸೇರಿಸಿ, ಹಗ್ಗ ಬಿಗಿಯಲಾಯಿತು. ಸಂಕದ ಅಗಲ ಒಂದೂವರೆ ಅಡಿ. ಸೋಮವಾರ ಶಾಲೆ ತೆರೆಯಿತು. ಏಳು ಮಕ್ಕಳೂ ದಾಟಿದರು.