ತಪ್ಪಿದ ಬೆಂಕಿಮಡಕೆ ಎಲ್ಲಿ ಬಿತ್ತು?

ಏಳು ಚೌಕ ದಾಟಿದ ಮೇಲೆ ಎಂಟನೆಯ ಚೌಕದಲ್ಲಿ ಮಿಂಚುಮಾಲೆ ಎಂಬ ರಾಜಕುಮಾರಿಯಿದ್ದಳು. ನಮ್ಮ ಊಟದ ಮೇಜಿನ ಮೇಲೆ ನಡೆಯುವ ಸಾಹಸದಾಟದಲ್ಲಿ ಅವಳು ನನ್ನ ಕಾಯಿ. ಪಕ್ಕದ ಚೌಕದಲ್ಲೇ ರಾಕ್ಷಸ. ಅತ್ತೆ ಅವನತ್ತ ಬೆಂಕಿಮಡಕೆ ಎಸೆದರು. ದಾಳದಲ್ಲಿ ಒಂದು ಬಿತ್ತು, ಗುರಿ ತಪ್ಪಿತು. ಸುತ್ತಲಿನ ಚೌಕಗಳನ್ನೆಲ್ಲ ಸುಡುವ ಮಡಕೆ ಗುರಿ ತಪ್ಪಿದರೆ ಎಲ್ಲಿ ಬೀಳಬೇಕು? ನಿಯಮದ ಪುಸ್ತಕದಲ್ಲಿ ಆ ಮಾತೇ ಇಲ್ಲ!

"ಹೊಳೆಗೆ ಬಿತ್ತು ಅಂದ್ಕೊಳ್ಳಿ," ಎಂದರು ಅತ್ತೆ.

"ಅದ್ಹೇಗ್ರೀ? ರಾಜಕುಮಾರಿ ತಲೆ ಮೇಲೇ ಬಿತ್ತು!" ಎಂದರು ಆಟ ನಡೆಸುವ ಜಯಶೀಲ ಮೇಷ್ಟ್ರು.

ಮೂರು ಭಾನುವಾರ ಇದೇ ಜಗಳ. ಮಿಂಚುಮಾಲೆ ಬದುಕಿದ್ದಾಳೋ ಇಲ್ಲವೋ ತಿಳಿಯದೆ ನನಗೆ ಊಟವೇ ಸೇರುತ್ತಿರಲಿಲ್ಲ. "ನಾನು ತೀರ್ಮಾನ ಮಾಡಿಸ್ತೀನಿ," ಎಂದು ವೃಷಭೇಂದ್ರ ಮಾವ ಮಾತು ಕೊಟ್ಟರು.

ನಾಲ್ಕನೆಯ ಭಾನುವಾರ ಮೇಜಿನ ಮೇಲೆ ಮಾವನೇ ಮಾಡಿದ ಎಂಟು ಕೊಳವೆಗಳ ಯಂತ್ರ ಬಂತು! ಮಾವನ ಎದೆ ಪೂರಿಯಂತೆ ಉಬ್ಬಿತ್ತು.

"ಎಂಟು ದಿಕ್ಕಿಗೆ ಎಂಟು ಬಾಯಿ! ಬಾಯಲ್ಲಿ ಹೇಳಿದ್ರೆ ಸಾಕು, ಗಾಳಿ, ತೂಕ, ಎಸೆದವರ ಸಿಟ್ಟು ಎಲ್ಲಾ ನೋಡ್ಕೊಂಡು, ಮಡಕೆ ಬಿದ್ದ ಜಾಗಕ್ಕೆ ಅಕ್ಕಿಹಿಟ್ಟು ಉಗುಳುತ್ತೆ. ಪ್ರಪಂಚದಲ್ಲೇ ಮೊದಲು ಕಣೇ!"

ಇಂಥ ಮಾವ ಇನ್ಯಾರಿಗಿದ್ದಾರೆ ಎಂದು ನಾನೂ ಉಬ್ಬಿದೆ.

"ಗುರಿ ತಪ್ಪಿತು!" ಎಂದರು ಮಾವ.

ಬುಸ್! ಹಿಟ್ಟು ಮೇಷ್ಟ್ರ ಕನ್ನಡಕದ ಮೇಲೆ.

"ಅಯ್ಯೋ, ತಪ್ಪಾಯ್ತು ಮೇಷ್ಟ್ರೇ!"

ಬುಸ್! ಈ ಸಲ ಗೋಡೆಯ ಗಡಿಯಾರಕ್ಕೆ.

"ಎಲ್ಲಾ ನಿಮ್ಮದೇ ತಪ್ಪು!" ಎಂದು ಅತ್ತೆ ಗಂಡನ ಮೇಲೆ ಹರಿಹಾಯ್ದರು.

ಬುಸ್! ಕಿಟಕಿಯಾಚೆಗೆ.

ನನಗೆ ಆಗ ಹೊಳೆಯಿತು. ಗುರಿ ತಪ್ಪಿದ್ದಕ್ಕೂ ಕ್ಷಮೆ ಕೇಳಿದ್ದಕ್ಕೂ ಯಂತ್ರಕ್ಕೆ ವ್ಯತ್ಯಾಸವೇ ತಿಳಿಯದು! ಒಂದೊಂದು ತಪ್ಪಿಗೂ ಇನ್ನಷ್ಟು ದೂರ ಎಸೆಯುತ್ತಿದೆ!

"ಆ ಪದ ಯಾರೂ ಆಡ್ಬೇಡಿ!" ಎಂದು ಕಿರುಚಿದೆ.

"ನಿಲ್ಲಿಸ್ರೀ ಅದನ್ನ!" ಎಂದರು ಅತ್ತೆ.

"ನಿಲ್ಲಿಸೋ ಗುಂಡಿನೇ ಇಟ್ಟಿಲ್ಲ. ತೀರ್ಪು ಕೊಡದೆ ಸುಮ್ಮನಾಗೋ ಯಂತ್ರ ಅಲ್ಲ ಇದು!" ಮಾವನಿಗೆ ಆಗಲೂ ಹೆಮ್ಮೆ.

ಅಷ್ಟರಲ್ಲಿ ಕಾಂಪೌಂಡಿನಾಚೆ ಪಕ್ಕದ ಮನೆಯ ಪುಟ್ಟಗೌರಮ್ಮ ಸಾರಿನ ಪಾತ್ರೆ ಹಿಡಿದೇ ಪ್ರತ್ಯಕ್ಷರಾದರು. ಕೂದಲೆಲ್ಲ ಬೆಳ್ಳಗೆ.

"ಯಾರ್ರೀ ಹಿಟ್ಟು ಎರಚಿದ್ದು?"

ನಾವು ನಾಲ್ವರೂ ಬಾಯಿಗೆ ಕೈ ಅಡ್ಡ ಹಿಡಿದೆವು.

"ಬಾಯಿಲ್ವಾ? ತಪ್ಪಾಯ್ತು ಅನ್ನಿ!"

ಎಂಟೂ ಕೊಳವೆಗಳು ಅವರತ್ತ ತಿರುಗಿದವು. ಬುಸ್ಸ್ಸ್! ಉಳಿದ ಹಿಟ್ಟೆಲ್ಲ ಉಂಡೆಯಾಗಿ ಹಾರಿ ಪಾತ್ರೆಯೊಳಗೆ ಪ್ಳಕ್ಕೆಂದಿತು.

ಯಂತ್ರ ಟಿಣ್ ಎಂದು ಚೀಟಿಯೊಂದನ್ನು ಹೊರಹಾಕಿ ತಣ್ಣಗಾಯಿತು. ನಾನು ಅದನ್ನೆತ್ತಿಕೊಂಡು ಓದಿದೆ: "ಮಡಕೆ ಸಾರಿನಲ್ಲಿ ಬಿದ್ದಿದೆ. ಬೆಂಕಿ ಆರಿದೆ. ರಾಜಕುಮಾರಿ ಕ್ಷೇಮ."

"ಹೇಳಿದ್ನಲ್ಲ!" ಎಂದರು ಮಾವ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು, ನಿಯಮದ ಪುಸ್ತಕ ತೆರೆದು, ದುಂಡಗೆ ಬರೆದರು: "ಗುರಿ ತಪ್ಪಿದ ಬೆಂಕಿಮಡಕೆ ಪಕ್ಕದ ಮನೆಯ ಸಾರಿಗೆ ಬೀಳತಕ್ಕದ್ದು."